ಚಳಿಗಾಲದ ಮನೆಗಾವಲು: ಕಟ್ಟುವ ಬಗೆ, ಬಿಚ್ಚುವ ದಿನ

ದೀಪಾವಳಿ ಕಳೆದು, ಕಾರ್ತಿಕದ ಕಡೆ ಸೋಮವಾರದ ದೀಪವೂ ಆರಿದ ಮೇಲೆ ನಮ್ಮ ಕಡೆ ಮನೆ ತುಂಬುವ ಕಾಲ. ರಾಗಿ ಕೊಯ್ದು ಮೆದೆ ಹಾಕಿರುತ್ತದೆ, ಅವರೆಗೆ ಸೊಗಡು ಏರಿರುತ್ತದೆ, ಹಿತ್ತಲಲ್ಲಿ ಕುಂಬಳ ಬಲಿತು ಬೂದಿ ಹಿಡಿದಿರುತ್ತದೆ. ಖಾಲಿ ಮನೆಯ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ದೃಷ್ಟಿಯ ಭಯವೆಲ್ಲ ತುಂಬಿದ ಮನೆಗೆ. ಅದಕ್ಕೆ ಸರಿಯಾಗಿ ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿಯುತ್ತದೆ. ಮದುವೆ, ಗೃಹಪ್ರವೇಶ ಯಾವುದೂ ಇಲ್ಲದ ಶೂನ್ಯಮಾಸ. ಹಗಲು ಗಿಡ್ಡ, ಇರುಳು ಉದ್ದ, ಬೆಳಗಿನ ಜಾವ ಕಣ್ಣಿಗೆ ಕೈ ಕಾಣದ ಮಂಜು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ಕಾವಲಿನ ಶಾಸ್ತ್ರಗಳು ಇಲ್ಲಿಂದ ರಥಸಪ್ತಮಿವರೆಗೆ ಒತ್ತೊತ್ತಾಗಿ ಬರುತ್ತವೆ.

ಇವು ನಂಬಿಕೆಯ ಕೆಲಸಗಳು. ಕಳ್ಳನಿಗೆ ಬೀಗ, ಜ್ವರಕ್ಕೆ ಆಸ್ಪತ್ರೆ ಬೇರೆ ಇದ್ದೇ ಇವೆ. ಮಾಡುವುದಾದರೆ ಪೂರ್ತಿ ಮಾಡಬೇಕು ಅನ್ನುವುದಷ್ಟೇ ಇಲ್ಲಿನ ಮಾತು. ಕಟ್ಟುವ ಕೆಲಸವನ್ನು ಹೆಚ್ಚಿನವರು ಸರಿಯಾಗಿಯೇ ಮಾಡುತ್ತಾರೆ, ಬಿಚ್ಚುವುದನ್ನು ಮರೆಯುತ್ತಾರೆ. ತಲೆಬಾಗಿಲ ಮೇಲೆ ಕೊಳೆತು ತೊಟ್ಟಿಕ್ಕುವ ಕುಂಬಳ, ಒಣಗಿ ಕರಕಲಾದ ನಿಂಬೆಹಣ್ಣು, ಮೂರು ವರ್ಷದ ಹಿಂದಿನ ತೋರಣದ ದಾರ. ಇವು ಮನೆ ಕಾಯುವುದಿರಲಿ, ನೊಣ ಕರೆಯುತ್ತವೆ. ಹಾಗಾಗಿ ಪ್ರತಿ ಶಾಸ್ತ್ರದ ಜೊತೆಗೆ ಅದನ್ನು ಯಾವಾಗ, ಹೇಗೆ ತೆಗೆಯಬೇಕು ಅನ್ನುವುದನ್ನೂ ಹೇಳಿದೆ.

ಅಂಗಳ, ಹೊಸ್ತಿಲು

ದಿನದ ಕಾವಲು ಶುರುವಾಗುವುದು ಪೊರಕೆಯಿಂದ. ಸೂರ್ಯ ಹುಟ್ಟುವ ಮೊದಲು ಒಳಗಿನಿಂದ ಹೊರಕ್ಕೆ ಗುಡಿಸಬೇಕು. ಹೊಸ್ತಿಲು ದಾಟಿದ ಕಸ ಮತ್ತೆ ಒಳಗೆ ಬರಬಾರದು, ಬಾಗಿಲ ಸಂದಿಯಲ್ಲಿ ಗುಡ್ಡೆಯಾಗಿ ಕೂರಲೂಬಾರದು. ಆಮೇಲೆ ಸಗಣಿ ನೀರು. ಮಣ್ಣಿನ ಅಂಗಳಕ್ಕೆ ಒಂದು ಬಕೆಟ್ ನೀರಿಗೆ ಎರಡು ಬೊಗಸೆ ಹಸಿ ಸಗಣಿ ಸಾಕು. ಗಂಟಿಲ್ಲದಂತೆ ಕದಡಿ, ಹುಲ್ಲಿನ ಎಳೆ ತೆಗೆದು, ಕೈಯಿಂದ ಬೀಸಿ ಎರಚಬೇಕು. ಸಗಣಿ ಅಂದಿನದೇ ಆಗಿರಲಿ. ಹಿಂದಿನ ದಿನದ್ದರಲ್ಲಿ ಹುಳು ಆಡಿರುತ್ತದೆ.

ವಾರಕ್ಕೊಮ್ಮೆ ನೆಲ ಸಾರಿಸುವವರು ಎರಡು ಪಾಲು ಸಗಣಿಗೆ ಒಂದು ಪಾಲು ಕೆಮ್ಮಣ್ಣು ಸೇರಿಸಿ. ಬರೀ ಸಗಣಿಯನ್ನು ದಪ್ಪಗೆ ಬಳಿದರೆ ಒಣಗಿದ ಮೇಲೆ ಹಕ್ಕಳೆ ಏಳುತ್ತದೆ. ಚಳಿಗಾಲದಲ್ಲಿ ಸಾರಿಸಿದ ನೆಲ ಬೇಗ ಆರುವುದಿಲ್ಲ, ಅದಕ್ಕೇ ತೆಳ್ಳಗೆ ಎರಡು ಸಲ ಬಳಿಯುವುದು ಒಳ್ಳೆಯದು. ಸಿಮೆಂಟು, ಟೈಲ್ಸ್ ನೆಲಕ್ಕೆ ಇದು ಆಗಿಬರುವುದಿಲ್ಲ. ತೆಳು ಪದರ ಕೂತು ಜಾರುತ್ತದೆ, ಮನೆಯ ಹಿರಿಯರೇ ಮೊದಲು ಬೀಳುವುದು. ಅಂಥ ಕಡೆ ಒಂದು ತಂಬಿಗೆ ನೀರಿಗೆ ಚಿಟಿಕೆ ಅರಿಶಿನ ಹಾಕಿ ಚಿಮುಕಿಸಿದರೆ ಶಾಸ್ತ್ರ ನಡೆದಂತೆ.

ರಂಗೋಲಿ ಕೆಡುವುದು ನೀರಿನಿಂದ. ಎರಚಿದ ಕೂಡಲೇ ಬಿಟ್ಟರೆ ಪುಡಿ ನೆನೆದು ಎಳೆ ಹರಡುತ್ತದೆ. ನೆಲ ಪೂರ್ತಿ ಒಣಗಿದ್ದರೆ ಬಿಸಿಲೇರುವ ಮುಂಚೆ ಗಾಳಿಗೆ ಹಾರುತ್ತದೆ. ಅಂಗಾಲಿಗೆ ತೇವ ತಾಗಬೇಕು, ಅಂಟಬಾರದು. ಅದೇ ಹದ. ಕಾವಲಿನ ರಂಗೋಲಿಗೆ ಹೂವು, ನವಿಲು ಬೇಡ, ಚುಕ್ಕಿ ಸುತ್ತಿ ಬರುವ ಎಳೆ ರಂಗೋಲಿ ಸರಿ. ಎಳೆ ಎಲ್ಲೂ ಬಾಯಿ ಬಿಟ್ಟಿರಬಾರದು. ಹೊರಗಿನಿಂದ ಬಂದದ್ದು ಎಳೆಯ ಜಾಡು ಹಿಡಿದು ಸುತ್ತುತ್ತಾ ಅಲ್ಲೇ ಉಳಿಯುತ್ತದೆ ಅನ್ನುವುದು ನಂಬಿಕೆ. ಸುತ್ತ ಕೆಮ್ಮಣ್ಣಿನ ಅಂಚು ಎಳೆಯಿರಿ. ಕೆಮ್ಮಣ್ಣನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಮೇಲಿನ ನುಣುಪು ಮಾತ್ರ ಬಳಸಿದರೆ ಅಂಚು ಒಡೆಯುವುದಿಲ್ಲ.

ಹೊಸ್ತಿಲಿಗೆ ಶುಕ್ರವಾರ, ಮಂಗಳವಾರ ಅರಿಶಿನ ಬಳಿದು ಕುಂಕುಮ ಇಡುವುದು ವಾಡಿಕೆ. ಹಳೆಯದನ್ನು ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸಿದ ಮೇಲೆಯೇ ಹೊಸದು. ಪದರದ ಮೇಲೆ ಪದರ ಕೂತರೆ ಅಡಿಯಲ್ಲಿ ತೇವ ನಿಂತು ಮರ ಮೆತ್ತಗಾಗುತ್ತದೆ. ಅಂಗಡಿ ಕುಂಕುಮದ ಬಗ್ಗೆ ಅನುಮಾನವಿದ್ದರೆ ಚಿಟಿಕೆ ತೆಗೆದು ಎರಡು ಹನಿ ನಿಂಬೆರಸ ಹಿಂಡಿ ನೋಡಿ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ್ದು ಹುಳಿಗೆ ಹಳದಿಗೆ ತಿರುಗುತ್ತದೆ. ಬಣ್ಣ ಬೆರೆಸಿದ್ದು ಕೆಂಪಾಗಿಯೇ ಇರುತ್ತದೆ, ಮರಕ್ಕೂ ಕೈಗೂ ಕಲೆ ಹಿಡಿಯುತ್ತದೆ.

ಮಾವಿನ ತೋರಣದ ಬಗ್ಗೆ ಒಂದೇ ಮಾತು. ಶ್ರೀನಿವಾಸಪುರದ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ: ಡಿಸೆಂಬರ್, ಜನವರಿಯಲ್ಲಿ ಮಾವು ಹೂ ಬಿಡುವುದು ರೆಂಬೆಯ ತುದಿಯಲ್ಲಿ. ತುದಿ ಮುರಿದು ಎಲೆ ತಂದರೆ ಆ ರೆಂಬೆಯ ಫಸಲು ಹೋಯಿತು. ನಡುವಿನ ಬಲಿತ ಎಲೆಗಳನ್ನು ಒಂದೊಂದಾಗಿ ಕೀಳಿ. ಅವು ಬಾಳಿಕೆಯೂ ಹೆಚ್ಚು.

ಸಗಣಿ ಬೆನಕ

ಧನುರ್ಮಾಸ ಪೂರ್ತಿ ರಂಗೋಲಿಯ ನಡುವೆ ಸಗಣಿ ಉಂಡೆ ಇಟ್ಟು ಗರಿಕೆ, ಹೂವು ಸಿಕ್ಕಿಸುವುದು ಈ ಮೂರೂ ಜಿಲ್ಲೆಗಳಲ್ಲಿದೆ. ಕನ್ನಡದವರು ಬೆನಕ ಅಂದರೆ ಪಾವಗಡ, ಬಾಗೇಪಲ್ಲಿ, ಮುಳಬಾಗಿಲ ಕಡೆಯ ತೆಲುಗು ಮನೆಗಳಲ್ಲಿ ಗೊಬ್ಬೆಮ್ಮ. ಒಂದು, ಮೂರು, ಐದು, ಹೀಗೆ ಬೆಸ ಸಂಖ್ಯೆ. ದೊಡ್ಡ ನಿಂಬೆಹಣ್ಣಿನ ಗಾತ್ರ ಸಾಕು. ಅಡಿ ಅಗಲ, ತುದಿ ಚೂಪು.

ಉಂಡೆ ನಿಲ್ಲದೆ ಹರಡಿಕೊಳ್ಳುತ್ತದೆ ಅನ್ನುವುದು ಈಗಿನ ಸಾಮಾನ್ಯ ದೂರು. ಅದು ಮಾಡುವವರ ಕೈಯ ತಪ್ಪಲ್ಲ, ಹಸುವಿನ ಮೇವಿನದು. ಬಯಲಲ್ಲಿ ಮೇಯುವ ನಾಟಿ ಹಸುವಿನ ಸಗಣಿ ಗಟ್ಟಿ. ಹಿಂಡಿ, ಹಸಿಮೇವು ತಿನ್ನುವ ಸೀಮೆಹಸುವಿನದು ತೆಳು. ಒಂದು ಹಿಡಿ ಒಲೆಬೂದಿ ಅಥವಾ ಕುಳ್ಳಿನ ಪುಡಿ ಕಲಸಿದರೆ ನಿಲ್ಲುತ್ತದೆ. ಮೇಲೆ ಗರಿಕೆಯ ಮೂರು ಕುಡಿ, ಜೊತೆಗೆ ಹುಚ್ಚೆಳ್ಳು ಹೂವು ಅಥವಾ ಸಿಹಿಗುಂಬಳದ ಹೂವು. ಕುಂಬಳದ ಹೂವು ಕೀಳುವಾಗ ಉದ್ದ ತೊಟ್ಟಿನ ಗಂಡು ಹೂವನ್ನೇ ಕೀಳಿ. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕಂಡರೆ ಅದು ಹೆಣ್ಣು, ಬಳ್ಳಿಯಲ್ಲೇ ಇರಲಿ. ಗಂಡು ಹೂವನ್ನೂ ಬೋಳಿಸಬೇಡಿ, ಕಾಯಿ ಕಟ್ಟಲು ಅವೂ ಬೇಕು.

ಸಂಜೆ ಬೆನಕನನ್ನು ಎಸೆಯುವಂತಿಲ್ಲ, ತುಳಿಯುವಂತಿಲ್ಲ. ಹೂವು, ಗರಿಕೆ ತೆಗೆದು ಗೋಡೆಗೆ ತಟ್ಟಿ ಕುಳ್ಳು ಮಾಡಿ. ದಿನಕ್ಕೆ ಮೂರರಂತೆ ತಿಂಗಳಿಗೆ ತೊಂಬತ್ತು ಪುಟ್ಟ ಕುಳ್ಳು ಸೇರುತ್ತವೆ. ಒಣಗಿದವನ್ನು ಚೀಲದಲ್ಲಿ ಕಟ್ಟಿಡಿ, ರಥಸಪ್ತಮಿಗೆ ಬೇಕು.

ಬೂದುಗುಂಬಳ

ಇದೇ ದೊಡ್ಡ ಕಾವಲು, ಹೆಚ್ಚು ಕೆಡುವುದೂ ಇದೇ.

ಮೂರರಿಂದ ನಾಲ್ಕು ಕೆ.ಜಿ. ತೂಗುವ, ಪೂರ್ತಿ ಬಲಿತ ಕಾಯಿ ಆರಿಸಿ. ಉಗುರಿನಿಂದ ಒತ್ತಿದರೆ ಸಿಪ್ಪೆ ಒಳಗೆ ಹೋಗಬಾರದು. ತೊಟ್ಟು ಎರಡು ಬೆರಳಿನಷ್ಟಾದರೂ ಇರಬೇಕು. ತೊಟ್ಟು ಕಿತ್ತ ಕಾಯಿ ತಿಂಗಳೊಳಗೆ ಆ ಗಾಯದಿಂದಲೇ ಕೊಳೆಯುತ್ತದೆ. ಮೈಮೇಲಿನ ಬಿಳಿ ಬೂದಿಯನ್ನು ತೊಳೆಯಬೇಡಿ, ಒರೆಸಬೇಡಿ. ಅದು ಕಾಯಿಯದೇ ಮೇಣ, ನೀರು ಹೊರಹೋಗದಂತೆಯೂ ಬೂಸ್ಟು ಒಳಬರದಂತೆಯೂ ತಡೆಯುತ್ತದೆ. ಮಡಿಯ ಹೆಸರಲ್ಲಿ ತಿಕ್ಕಿ ತೊಳೆದು ಹೊಳಪು ಬರಿಸಿದ ಕಾಯಿ ಬೇಗ ಕೆಡುವುದು ಇದಕ್ಕೇ. ಅರಿಶಿನ, ಕುಂಕುಮವನ್ನೂ ನೀರಲ್ಲಿ ಕಲಸಿ ಬಳಿಯದೆ, ಒಣ ಬೆರಳಲ್ಲಿ ಮೂರು ಕಡೆ ಬೊಟ್ಟು ಇಟ್ಟರೆ ಸಾಕು.

ಕಟ್ಟುವ ದಿನ ಅಮಾವಾಸ್ಯೆ. ಮಾರ್ಗಶಿರದ ಕೊನೆಗೆ ಬರುವ ಎಳ್ಳಮಾವಾಸ್ಯೆ ಈ ಕಾಲಕ್ಕೆ ಹೊಂದುತ್ತದೆ. ಹೊತ್ತು ಹುಟ್ಟುವ ಮೊದಲು, ಮನೆಯವರೇ ಕಟ್ಟಬೇಕು. ನೂಲಿನ ದಾರ, ಪ್ಲಾಸ್ಟಿಕ್ ಹಗ್ಗ ಎರಡೂ ಬೇಡ. ಭಾರಕ್ಕೆ ಅವು ಸಿಪ್ಪೆಯೊಳಗೆ ಇಳಿಯುತ್ತವೆ. ತೆಂಗಿನ ನಾರಿನ ಹಗ್ಗದಲ್ಲಿ ಹೆಣೆದ ನೆಲುವು ಸರಿ. ತಿಪಟೂರು, ಗುಬ್ಬಿ ಸೀಮೆಯಲ್ಲಿ ನಾರಿಗೇನು ಕೊರತೆ? ತಲೆಬಾಗಿಲ ನೇರ ಮೇಲೆ ತೂಗುಹಾಕುವುದು ನೋಡಲು ಚೆಂದ, ಆದರೆ ನಾಲ್ಕು ಕೆ.ಜಿ. ಕಾಯಿ ತಲೆಯ ಮೇಲೆ ಬಿದ್ದರೆ ಕಾವಲು ಹೋಗಿ ಕಂಟಕವಾಗುತ್ತದೆ. ಚೌಕಟ್ಟಿನಿಂದ ಒಂದು ಮೊಳ ಪಕ್ಕಕ್ಕೆ, ಬೀದಿಯಿಂದ ಬರುವವರ ಕಣ್ಣು ಮೊದಲು ಬೀಳುವ ಕಡೆ ಕಟ್ಟಿ. ಮೊದಲ ನೋಟ ಅದರ ಮೇಲೆ ಬೀಳಲಿ ಅನ್ನುವುದೇ ಇದರ ಲೆಕ್ಕ. ಬಿಸಿಲು ನೇರ ಹೊಡೆಯುವ ಜಾಗ ಬೇಡ.

ಬೇಗ ಕೊಳೆತರೆ ದೃಷ್ಟಿ ಜೋರಾಗಿತ್ತು ಅನ್ನುತ್ತಾರೆ. ಇರಬಹುದು ಅಂದುಕೊಳ್ಳುವ ಮೊದಲು ತೊಟ್ಟು, ಗೀರು, ಹಗ್ಗ ಈ ಮೂರನ್ನು ನೋಡಿ. ಗಾಯವಿಲ್ಲದ ಕಾಯಿ ಮೂರು ತಿಂಗಳು ಆರಾಮಾಗಿ ನಿಲ್ಲುತ್ತದೆ. ಎಲ್ಲಾದರೂ ಮೆತ್ತಗಾಗಿದ್ದು ಕಂಡ ದಿನವೇ ಇಳಿಸಿ, ಮುಂದಿನ ಅಮಾವಾಸ್ಯೆಗೆ ಕಾಯಬೇಡಿ. ಕೆಳಗೆ ಹಳೆ ಚೀಲ ಹಿಡಿದು ಹಗ್ಗ ಕತ್ತರಿಸಿದರೆ ಕಾಯಿ ಒಡೆದರೂ ಚೀಲದೊಳಗೇ ಒಡೆಯುತ್ತದೆ.

ಒಡೆಯುವ ಕುಂಬಳ ಬೇರೆ. ಅದರ ತಲೆ ಕೊರೆದು ಒಳಗೆ ಕುಂಕುಮ, ಕಾಸು ಹಾಕಿ, ಮೇಲೆ ಕರ್ಪೂರ ಹಚ್ಚಿ, ಮನೆಯ ಮುಂದೆ ಮೂರು ಸುತ್ತು ನಿವಾಳಿಸಿ ಒಡೆಯುತ್ತಾರೆ. ಒಡೆಯುವುದು ನಿಮ್ಮ ಗೇಟಿನ ಬಳಿ, ರಸ್ತೆಯ ಅಂಚಿನಲ್ಲಿ. ತಿರುವಿನಲ್ಲಿ, ರಸ್ತೆಯ ನಡುವೆ ಬೇಡವೇ ಬೇಡ. ಮಂಜಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬೈಕಿಗೆ ಕುಂಬಳದ ತಿರುಳು ಎಣ್ಣೆ ಇದ್ದ ಹಾಗೆ. ಕರ್ಪೂರ ಆರಿದ ಕೂಡಲೇ ಚೂರು ಬಳಿದು ತಿಪ್ಪೆಗೆ ಹಾಕಿ. ಕಾಸು ಹಾಕಿದ್ದರೆ ಅದನ್ನು ಆರಿಸಲು ಮಕ್ಕಳು ರಸ್ತೆಗೆ ಇಳಿಯುತ್ತಾರೆ ಅನ್ನುವುದೂ ನೆನಪಿರಲಿ.

ನಿಂಬೆ, ಮೆಣಸಿನಕಾಯಿ, ಪಟಿಕ ಹೆಚ್ಚು ಹೇಳುವಂಥದ್ದಲ್ಲ. ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಅಡಿಯಲ್ಲಿ ಒಂದು ಚೂರು ಇದ್ದಲು. ಕೆಲವು ಕಡೆ ಇದ್ದಲಿನ ಬದಲು ಕರಿಗೇರು ಬೀಜ ಪೋಣಿಸುತ್ತಾರೆ. ಅದರ ರಸ ತಾಗಿದರೆ ಮೈ ಸುಟ್ಟಂತೆ ಬೊಬ್ಬೆ ಏಳುತ್ತದೆ, ಮಕ್ಕಳಿರುವ ಮನೆಗೆ ಇದ್ದಲೇ ಸಾಕು. ವಾರಕ್ಕೊಮ್ಮೆ ಬದಲಿಸಿ, ಹಳೆಯದನ್ನು ಗಿಡದ ಬುಡದಲ್ಲಿ ಹೂಳಿ. ಪಟಿಕವನ್ನು ಕರಿ ಉಣ್ಣೆ ದಾರದಲ್ಲಿ ಕಟ್ಟಿದರೆ ವರ್ಷ ನಿಲ್ಲುತ್ತದೆ, ಮಳೆ ಎರಚಲು ತಾಗಬಾರದಷ್ಟೇ. ಇನ್ನು ಹಳೆ ಗೋಡೆಗಳ ಮೇಲೆ ಕಾಣುವ ‘ನಾಳೆ ಬಾ’. ಬಂದ ದೆವ್ವ ದಿನವೂ ಅದನ್ನೇ ಓದಿ ಹಿಂದಿರುಗಬೇಕು ಅನ್ನುವ ಉಪಾಯ. ಒಂದು ಚೂರು ಸೀಮೆಸುಣ್ಣ ಸಾಕು, ದೆವ್ವಕ್ಕೆ ಕನ್ನಡ ಓದಲು ಬರಬೇಕು.

ಹೊಗೆ

ಮುಸ್ಸಂಜೆ ಸಾಂಬ್ರಾಣಿ ಹಾಕುವುದು ಮಂಜಿನ ತೇವಕ್ಕೂ ಸೊಳ್ಳೆಗೂ ಗಾಳಿಶಂಕೆಗೂ ಒಟ್ಟಿಗೆ ಮದ್ದು ಅನ್ನುವುದು ಹಿರಿಯರ ಮಾತು. ಕೆಂಡಕ್ಕೆ ತೆಂಗಿನ ಚಿಪ್ಪು ಒಳ್ಳೆಯದು. ಎರಡು ಚಿಪ್ಪನ್ನು ಹೊರಗೆ ಹೊತ್ತಿಸಿ, ಉರಿ ಪೂರ್ತಿ ಇಳಿದು ಕೆಂಪಗೆ ಕೆಂಡವಾಗುವವರೆಗೆ ಕಾಯಿರಿ. ಉರಿ ಇರುವಾಗಲೇ ಸಾಂಬ್ರಾಣಿ ಹಾಕಿದರೆ ಅದು ಧಗ್ಗನೆ ಹತ್ತಿ ಕರಿ ಹೊಗೆ ಕಾರುತ್ತದೆ, ಗಮ ಬರುವುದಿಲ್ಲ. ಧೂಪಾರತಿಯ ಅಡಿಗೆ ಒಂದು ಬೆರಳು ಬೂದಿ ಹರವಿ ಮೇಲೆ ಕೆಂಡ ಇಟ್ಟರೆ ಹಿಡಿ ಕಾಯುವುದಿಲ್ಲ. ಒಂದು ಚಮಚ ಸಾಂಬ್ರಾಣಿ ಪುಡಿ, ನಾಲ್ಕು ಒಣ ಬೇವಿನೆಲೆ, ಸಿಕ್ಕರೆ ಲಕ್ಕಿ ಸೊಪ್ಪು. ಬೇವು ಹಸಿಯಾಗಿದ್ದರೆ ಕಣ್ಣುರಿ ಮಾತ್ರ.

ಹಿತ್ತಲ ಬಾಗಿಲಿಂದ ಶುರು ಮಾಡಿ, ಮೂಲೆ ಮೂಲೆ ತೋರಿಸುತ್ತಾ, ತಲೆಬಾಗಿಲಲ್ಲಿ ಮುಗಿಸಿ. ಅಡುಗೆಮನೆಗೆ ಹೋಗುವ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಆರಿಸಿ. ಕಿಟಕಿ ಒಂದಾದರೂ ತೆರೆದಿರಲಿ, ಹೊಗೆ ಹೋಗಲು ದಾರಿ ಬೇಕು. ಕೂಸು, ಬಾಣಂತಿ, ಉಬ್ಬಸದವರು ಇರುವ ಕೋಣೆಗೆ ಹೊಗೆ ಒಯ್ಯಬೇಡಿ. ಬಾಣಂತಿಗೆ, ಕೂಸಿಗೆ ಹೊಗೆ ಕೊಡುವ ರೂಢಿ ಇದೆ, ಆದರೆ ಎಳೆಯ ಉಸಿರಿಗೆ ಅದು ಒಳ್ಳೆಯದಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಧೂಪ ಮುಗಿದ ಮೇಲಿನ ಕೆಂಡಕ್ಕೆ. ಚಳಿ ಅಂತ ಅದನ್ನು ಅಗ್ಗಿಷ್ಟಿಕೆಗೆ ಸುರಿದು, ಬಾಗಿಲು ಕಿಟಕಿ ಮುಚ್ಚಿ ಮಲಗುವುದು ಪ್ರಾಣಕ್ಕೆ ಅಪಾಯ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆಯೂ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಕೆಂಡಕ್ಕೆ ನೀರು ಸುರಿದು ಆರಿಸಿ, ಹೊರಗೇ ಬಿಡಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಿಗೆ ಬೇರೆ ನಿಯಮ. ಹುಳುಮನೆಯೊಳಗೆ ಧೂಪ, ಊದುಬತ್ತಿ, ಸೊಳ್ಳೆಬತ್ತಿ ಯಾವುದೂ ಬೇಡ. ಸೊಳ್ಳೆಬತ್ತಿಯ ವಿಷಕ್ಕೆ ರೇಷ್ಮೆಹುಳು ಸೊಳ್ಳೆಗಿಂತ ಮೊದಲು ಸಾಯುತ್ತದೆ. ಅಲ್ಲಿನ ಹಳೆ ಕಟ್ಟುಪಾಡು, ಅಂದರೆ ಹೊರಗಿನವರು ಹುಳು ನೋಡಬಾರದು ಅನ್ನುವುದು, ಕಣ್ಣಿಗಷ್ಟೇ ಅಲ್ಲ, ಕಾಲಿಗಂಟಿ ಬರುವ ರೋಗಕ್ಕೂ ತಡೆ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹರವಿ, ಕಾಲಿಟ್ಟೇ ಒಳಹೋಗುವಂತೆ ಮಾಡಿ. ದೃಷ್ಟಿಗೆ ಹೊರಗೋಡೆಯ ಮೇಲೆ ಕುಂಬಳ ಇರಲಿ. ದೊಡ್ಡ ಹುಳುವಿಗೆ 24-25 ಡಿಗ್ರಿ ಬಿಸಿ ಬೇಕೆಂದು ಚಳಿಗೆ ಕೆಂಡ ಇಡುವವರು ಗವಾಕ್ಷಿ ಮುಚ್ಚಬೇಡಿ.

ಚೇಳಿನ ಮಾತು ಬಂದರೆ ಕೋಲಾರದವರು ಕೋಲಾರಮ್ಮನ ಗುಡಿಯ ಚೇಳಮ್ಮನಿಗೆ ಕೈ ಮುಗಿದು ಬರುತ್ತಾರೆ. ಅಲ್ಲಿ ಕಾಣಿಕೆ ಹಾಕಿದರೆ ಚೇಳು ಕಚ್ಚುವುದಿಲ್ಲ ಅನ್ನುವ ನಂಬಿಕೆ ಹಳೆಯದು. ಹರಕೆ ತೀರಿಸಿ ಬಂದವರು ಸೌದೆ, ಕುಳ್ಳಿನ ರಾಶಿಯನ್ನು ಗೋಡೆಯಿಂದ ಎರಡು ಅಡಿ ದೂರ ಸರಿಸಿ. ಚಳಿಗೆ ಅದು ಬೆಚ್ಚಗೆ ಸೇರಿಕೊಳ್ಳುವ ಜಾಗ ಅದೇ. ಬೆಳಿಗ್ಗೆ ಚಪ್ಪಲಿ, ಕಂಬಳಿ ಒದರದೆ ಬಳಸಬೇಡಿ. ಮಗುವಿಗೆ ಕಚ್ಚಿದರೆ ಮಂತ್ರ ಹಾಕಿಸುತ್ತಾ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಿ.

ನಿವಾಳಿಸುವುದು

ಮಗು ಹಟ ಹಿಡಿದರೆ, ಹೊಸ ಸೊಸೆ ಮನೆಗೆ ಬಂದರೆ, ಹಾಲು ಕರೆಯುವ ಹಸು ಇದ್ದಕ್ಕಿದ್ದಂತೆ ಒದೆಯಲು ಶುರು ಮಾಡಿದರೆ ದೃಷ್ಟಿ ತೆಗೆಯುತ್ತಾರೆ. ಒಂದು ಹಿಡಿ ಕಲ್ಲುಪ್ಪು, ಐದೋ ಏಳೋ ಒಣಮೆಣಸಿನಕಾಯಿ, ಒಂದು ಚಮಚ ಸಾಸಿವೆ, ಪೊರಕೆಯ ಮೂರು ಕಡ್ಡಿ, ಮೂರು ದಾರಿ ಕೂಡುವಲ್ಲಿನ ಚಿಟಿಕೆ ಮಣ್ಣು. ಮುಸ್ಸಂಜೆ ಮೂಡಣಕ್ಕೆ ಮುಖ ಮಾಡಿ ಕೂರಿಸಿ, ಮುಷ್ಟಿ ಕಟ್ಟಿ, ಬಲದಿಂದ ಮೂರು ಸಲ, ಎಡದಿಂದ ಮೂರು ಸಲ ಸುತ್ತಿ, ತಲೆಯಿಂದ ಕಾಲವರೆಗೆ ಇಳಿಸಬೇಕು. ‘ಹೋದೋರ ಕಣ್ಣು, ಬಂದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು’ ಅನ್ನುತ್ತಾ ಇಳಿಸಿ, ಮೂರು ಸಲ ‘ಥೂ’ ಅನ್ನಿಸಿ, ಒಲೆಗೆ ಹಾಕುತ್ತಾರೆ. ಹಾಕಿದವರು ಕೈಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಮಗುವಿನ ಮುಖ ಸವರಿದರೆ ಏನಾಗುತ್ತದೆ ಅನ್ನುವುದು ಗೊತ್ತಿರುವವರು ಇದನ್ನು ತಪ್ಪಿಸುವುದಿಲ್ಲ.

ಚಟಚಟ ಸದ್ದು ಹೆಚ್ಚಿದಷ್ಟೂ ದೃಷ್ಟಿ ಹೆಚ್ಚು ಅನ್ನುತ್ತಾರೆ. ಕಲ್ಲುಪ್ಪಿನ ಹರಳಿನೊಳಗೆ ಸಿಕ್ಕ ನೀರು ಕಾದು ಸಿಡಿಯುವುದರಿಂದ ಬರುವ ಸದ್ದು ಅದು. ಪುಡಿ ಉಪ್ಪು ಹಾಗೆ ಸಿಡಿಯುವುದಿಲ್ಲ. ಘಾಟು ಬರದಿದ್ದರೆ ದೃಷ್ಟಿ ಇತ್ತು ಅನ್ನುವುದು ಇನ್ನೊಂದು ಲೆಕ್ಕ. ಹೇಗಿದ್ದರೂ ಗ್ಯಾಸ್ ಒಲೆಯ ಮೇಲೆ, ಮುಚ್ಚಿದ ಅಡುಗೆಮನೆಯಲ್ಲಿ ಸುಡಬೇಡಿ. ಹಿತ್ತಲ ನೀರೊಲೆ ಸರಿಯಾದ ಜಾಗ. ಬೂದಿಯನ್ನು ಅದೇ ರಾತ್ರಿ ತಿಪ್ಪೆಗೆ ಹಾಕಿ.

ಬೆಳಿಗ್ಗೆ ಎದ್ದಾಗ ನಿಮ್ಮ ಬಾಗಿಲಲ್ಲೇ ಯಾರೋ ಇಟ್ಟ ನಿಂಬೆಹಣ್ಣು, ಕುಂಕುಮ ಕಂಡರೆ? ಪೊರಕೆಯಲ್ಲಿ ಗುಡಿಸಿ, ಸಗಣಿ ನೀರು ಹಾಕಿ, ಎಂದಿನಂತೆ ರಂಗೋಲಿ ಬಿಡಿ. ಪಕ್ಕದ ಮನೆಯವರ ಹೆಸರು ಹೇಳುವವರ ಮಾತಿಗೆ ಕಿವಿ ಕೊಡಬೇಡಿ. ಮನೆಯಡಿ ಏನೋ ಹೂತಿದೆ, ತೆಗೆಯಲು ಇಷ್ಟು ಸಾವಿರ ಅನ್ನುವವರು ಬಂದರೆ ಬಾಗಿಲಲ್ಲೇ ಕಳಿಸಿ. ವಾಮಾಚಾರ ತಡೆಗೆ 2017ರಲ್ಲಿ ಆದ ಕರ್ನಾಟಕದ ಕಾಯ್ದೆ 2020ರಿಂದ ಜಾರಿಯಲ್ಲಿದೆ, ದೂರನ್ನು ಪೊಲೀಸ್ ಠಾಣೆಗೇ ಕೊಡಬಹುದು.

ಕಣ ಮತ್ತು ರಾಶಿ

ರಾಗಿಯನ್ನು ರಸ್ತೆಯ ಮೇಲೆ ಹರವಿ ಬಡಿಯುವ, ಯಂತ್ರಕ್ಕೆ ಕೊಡುವ ಈ ಕಾಲದಲ್ಲೂ ರಾಶಿಯ ಶಾಸ್ತ್ರ ಉಳಿದಿದೆ. ತೂರಿದ ಕಾಳನ್ನು ಗುಡ್ಡೆ ಮಾಡಿ, ನೆತ್ತಿಗೆ ಸಗಣಿ ಬೆನಕ ಕೂರಿಸಿ, ಸುತ್ತ ಒಲೆಬೂದಿಯ ಗೆರೆ ಎಳೆಯುತ್ತಾರೆ. ಬೂದಿ ಒಣಗಿರಬೇಕು, ಗೆರೆ ನಾಲ್ಕು ಬೆರಳು ಅಗಲವಿರಬೇಕು. ಇರುವೆಯನ್ನೂ ಅದೇ ತಡೆಯುತ್ತದೆ. ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ ‘ಲಾಭ’ ಅನ್ನಬೇಕು. ನಡುವೆ ಮಾತಿಲ್ಲ, ಚಪ್ಪಲಿ ಇಲ್ಲ. ಎಣಿಕೆ ತಪ್ಪುವುದು ಮಾತಿನಿಂದಲೇ. ಮಂಜು ಆರುವ ಮೊದಲು ರಾಶಿ ತುಂಬಬೇಡಿ, ತೇವ ಹಿಡಿದ ಕಾಳು ಮುಗ್ಗುತ್ತದೆ. ಚೀಲದ ಅಡಿ, ನಡು, ಬಾಯಿಗೆ ಒಂದೊಂದು ಹಿಡಿ ನೆರಳಲ್ಲಿ ಒಣಗಿಸಿದ ಬೇವಿನೆಲೆ ಹಾಕಿ. ರಾಗಿಗಿಂತ ಅವರೆಕಾಳಿಗೆ ಇದು ಹೆಚ್ಚು ಬೇಕು.

ಕಿಚ್ಚು

ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ. ಬೆಳಿಗ್ಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಪೊಂಗಲ್ ತಿನ್ನಿಸುತ್ತಾರೆ. ಕೊಂಬು ಹೆರೆಯುವವರು ಮೇಲಿನ ಒರಟನ್ನಷ್ಟೇ ತೆಗೆಯಿರಿ, ರಕ್ತ ಜಿನುಗಿದರೆ ಹುಳು ಬೀಳುತ್ತದೆ. ಬಾಗಿಲಿಗೆ ಹೊಡೆಯುವ ಆಯಿಲ್ ಪೇಂಟ್ ಬೇಡ. ಕೆಮ್ಮಣ್ಣು, ಅರಿಶಿನ ಸಾಕು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಊರುಗಳಲ್ಲಿ ಊರಂಚಿನ, ದನ ಕಾಯುವ ದೇವರು ಕಾಟಮರಾಯನಿಗೆ ಪೂಜೆಯಾದ ಮೇಲೆಯೇ ಕಿಚ್ಚು.

ದನದ ಮೈಗೆ ಅಂಟಿದ ಉಣ್ಣೆಹುಳು ಉದುರಲಿ, ದೃಷ್ಟಿ ಸುಟ್ಟುಹೋಗಲಿ ಅಂತ ಹಾಯಿಸುವುದು. ಅದಕ್ಕೆ ದೊಡ್ಡ ಉರಿ ಬೇಕಿಲ್ಲ. ಒಣ ಹುಲ್ಲನ್ನು ದಾರಿಗಡ್ಡವಾಗಿ ಎಂಟು ಅಡಿ ಉದ್ದ, ಒಂದು ಗೇಣು ಎತ್ತರಕ್ಕೆ ಸಡಿಲವಾಗಿ ಹರವಿ. ಭತ್ತದ ಹುಲ್ಲು ಬೇಗ ಹತ್ತಿ ಬೇಗ ಇಳಿಯುತ್ತದೆ, ಅದೇ ಒಳ್ಳೆಯದು. ಒತ್ತಿ ಕಟ್ಟಿದ ರಾಗಿ ಹುಲ್ಲು ಹೊಗೆಯಾಡುತ್ತಾ ಕೆಂಡ ಉಳಿಸುತ್ತದೆ, ಗೊರಸು ಸುಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದು ಅನಾಹುತಕ್ಕೆ ದಾರಿ. ಉರಿ ಏರಿ ಇಳಿಯಲು ಶುರುವಾದಾಗ ದನ ಬಿಡಬೇಕು. ಮೊದಲು ಅಭ್ಯಾಸವಿರುವ ಎತ್ತು, ಅದರ ಹಿಂದೆ ಉಳಿದವು. ಹಗ್ಗ ಹಿಡಿದವರು ದನದ ಪಕ್ಕಕ್ಕೆ ಓಡಬೇಕು, ಮುಂದೆ ಅಲ್ಲ. ಗಬ್ಬದ ಹಸು, ಕರು, ಕೆಚ್ಚಲು ಜೋಲುವ ಸೀಮೆಹಸುಗಳನ್ನು ಹಾಯಿಸಬೇಡಿ. ಅವನ್ನು ಹೊಗೆಯ ಪಕ್ಕದಲ್ಲಿ ನಡೆಸಿಕೊಂಡು ಹೋದರೆ ಸಾಕು.

ಈ ಹೊತ್ತಿಗೆ ಊರ ತುಂಬಾ ಮೆದೆ, ಬಣವೆಗಳು. ಒಂದು ಕಿಡಿ ಹಾರಿದರೆ ವರ್ಷದ ಮೇವು ಹೋಗುತ್ತದೆ. ಗಾಳಿ ಬಣವೆಯ ಕಡೆ ಬೀಸುತ್ತಿದ್ದರೆ ಜಾಗ ಬದಲಿಸಿ, ಕನಿಷ್ಠ ಐವತ್ತು ಅಡಿ ದೂರವಿರಲಿ, ನಾಲ್ಕು ಬಿಂದಿಗೆ ನೀರು ಪಕ್ಕದಲ್ಲಿರಲಿ. ಮೇಲೆ ಕರೆಂಟಿನ ತಂತಿ ಇದೆಯೇ ನೋಡಿ. ಕಿಚ್ಚಿನ ಬೂದಿಯನ್ನು ದನದ ಹಣೆಗೆ, ಕೊಟ್ಟಿಗೆಯ ಬಾಗಿಲಿಗೆ ಹಚ್ಚಿ, ಉಳಿದದ್ದನ್ನು ಹೊಲಕ್ಕೆ ಎರಚಿ.

ಒಳಗೆ ಅದೇ ಸಂಜೆ ಪುಟ್ಟ ಮಕ್ಕಳಿಗೆ ಎಲಚಿ ಹಣ್ಣು ಎರೆಯುವುದು. ಎಲಚಿ, ಕಬ್ಬಿನ ಚೂರು, ಎಳ್ಳು, ಕಾಸು ಸೇರಿಸಿ ಪಾವಿನಲ್ಲಿ ತಲೆಯ ಮೇಲೆ ಸುರಿದು, ಓಕುಳಿ ಆರತಿ ಎತ್ತುತ್ತಾರೆ. ತಟ್ಟೆ ನೀರಿಗೆ ಅರ್ಧ ಚಮಚ ಅರಿಶಿನ, ಕಡಲೆಗಾತ್ರ ಸುಣ್ಣ. ನೀರು ಕೆಂಪಾಗದಿದ್ದರೆ ಸುಣ್ಣ ಹಳೆಯದು, ಇನ್ನಷ್ಟು ಸುರಿಯದೆ ಬೇರೆ ತನ್ನಿ. ಹಣ್ಣು, ಕಾಸು ಕೂಸಿನ ಬಾಯಿಗೆ ಹೋಗದಂತೆ ಕೂಡಲೇ ಆರಿಸಿ. ಮಾರನೆಯ ದಿನ ಕರಿ. ಹೊಸ ಕೆಲಸವಿಲ್ಲ, ಪ್ರಯಾಣವಿಲ್ಲ.

ಬಿಚ್ಚುವ ದಿನ

ರಥಸಪ್ತಮಿಗೆ ಬಿಸಿಲು ಬಲಿಯಲು ಶುರು, ಕಾವಲು ಸಡಿಲಿಸುವ ದಿನವೂ ಅದೇ ಆಗಿರಲಿ. ಬೆಳಿಗ್ಗೆ ಎಕ್ಕದ ಏಳು ಎಲೆ: ತಲೆಗೆ ಒಂದು, ಭುಜಕ್ಕೆ ಎರಡು, ಮಂಡಿಗೆ ಎರಡು, ಪಾದಕ್ಕೆ ಎರಡು. ಹಾಗೇ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಎಲೆ ಕಿತ್ತ ಮೇಲೆ ಹಾಲು ಪೂರ್ತಿ ಸೋರಿಹೋಗಲಿ, ತೊಟ್ಟು ತೊಳೆದು ಬಳಸಿ. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಸಂಚಕಾರ, ಮಕ್ಕಳಿಗೆ ತಲೆಯ ಎಲೆ ಬಿಟ್ಟುಬಿಡಿ.

ಅಂಗಳದಲ್ಲಿ ಮೂರು ಕಲ್ಲು ಹೂಡಿ, ಧನುರ್ಮಾಸದಲ್ಲಿ ಕೂಡಿಟ್ಟ ಬೆನಕನ ಕುಳ್ಳುಗಳನ್ನು ಹೊತ್ತಿಸಿ, ಹೊಸ ಕುಡಿಕೆಯಲ್ಲಿ ಹಾಲು ಉಕ್ಕಿಸಿ. ಕುಳ್ಳು ಪುಟ್ಟವಾದ್ದರಿಂದ ಇಪ್ಪತ್ತಾದರೂ ಬೇಕು. ಅದೇ ಉರಿಗೆ ಒಣಗಿದ ತೋರಣ, ಹತ್ತಿಯ ದಾರ ಹಾಕಿ. ಪ್ಲಾಸ್ಟಿಕ್ ತೋರಣ ಸುಡಬೇಡಿ, ತೊಳೆದು ಎತ್ತಿಡಿ.

ಕುಂಬಳ ಗಟ್ಟಿಯಾಗಿಯೇ ಇದ್ದರೆ ಇನ್ನೊಂದು ಅಮಾವಾಸ್ಯೆ ಇರಲಿ. ಮೆತ್ತಗಾಗಿದ್ದರೆ ಇಳಿಸಿ, ಕೆರೆ ಬಾವಿಗೆ ಎಸೆಯದೆ ಹಿತ್ತಲಲ್ಲಿ ಮೊಣಕಾಲುದ್ದ ಗುಂಡಿ ತೆಗೆದು ಹೂಳಿ. ನೆಲುವನ್ನು ತೊಳೆದು ಬಿಸಿಲಿಗೆ ಹಾಕಿದರೆ ಮುಂದಿನ ವರ್ಷಕ್ಕೂ ಬರುತ್ತದೆ. ಮುಂಗಾರಿಗೆ ಆ ಗುಂಡಿಯಿಂದ ಬಳ್ಳಿ ಏಳುವುದುಂಟು. ದೃಷ್ಟಿ ಕುಂಬಳದ ಕಾಯಿ ತಿನ್ನಬಾರದು ಅಂತ ಕೆಲವರು ಕಿತ್ತುಹಾಕುತ್ತಾರೆ. ಕೀಳಬೇಡಿ, ಬಳ್ಳಿ ಚಪ್ಪರಕ್ಕೆ ಹಬ್ಬಲಿ. ಎಳ್ಳಮಾವಾಸ್ಯೆಗೆ ಕಟ್ಟಲು ತೊಟ್ಟು ಸಮೇತ ಒಂದು ಒಳ್ಳೆ ಕಾಯಿ ಮನೆಯಲ್ಲೇ ಸಿಗುತ್ತದೆ.